ಗಣಕದ ಅಂಗಳ

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗಗಳ ಸುತ್ತಲಿನ ಹಳ್ಳಿಗಳಲ್ಲಿ ಹಬ್ಬ ಸಮೀಪಿಸಿತೆಂದರೆ ಮನೆಗಳ ಮುಖವೇ ಬದಲಾಗುತ್ತದೆ. ಗೋಡೆಗೆ ಸುಣ್ಣ ಬಳಿದು, ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಎಳೆದು, ಅಂಗಳವನ್ನು ಸಾರಿಸಿ ರಂಗೋಲಿ ಇಡುತ್ತಾರೆ. ಗೋಡೆಯನ್ನು ಕಟ್ಟಿದವನು ಗೌಂಡಿ. ಅದರ ಮೇಲಿನ ಚಿತ್ತಾರ ಮನೆಯವರದು. ಒಬ್ಬನೇ ಗೌಂಡಿ ಒಂದೇ ಅಳತೆಯಲ್ಲಿ ಎರಡು ಮನೆಗಳನ್ನು ಕಟ್ಟಿದರೂ ವರ್ಷ ಕಳೆಯುವುದರೊಳಗಾಗಿ ಅವು ಒಂದನ್ನೊಂದು ಹೋಲದಂತೆ ಆಗಿರುತ್ತವೆ. ವಾಸಿಸುವವನು ತನ್ನ ಮನೆಯನ್ನು ತನ್ನದಾಗಿಸಿಕೊಳ್ಳುವ ಬಗೆ ಇದು.

ಗಣಕಯಂತ್ರಕ್ಕೂ ಇಂತಹದೇ ಒಂದು ಅಂಗಳವುಂಟು. ಯಂತ್ರವನ್ನು ಚಾಲೂ ಮಾಡಿದೊಡನೆ ಕಣ್ಣಿಗೆ ಬೀಳುವ ಪರದೆಯೇ ಅದು. ಅದನ್ನು ಡೆಸ್ಕ್‌ಟಾಪ್ ಎಂದು ಕರೆಯುತ್ತಾರೆ. ಅಲ್ಲಿನ ಚಿಕ್ಕ ಚಿತ್ರಗಳು, ಕಡತಗಳು ತೆರೆದುಕೊಳ್ಳುವ ಕಿಟಕಿಗಳು, ಕಿಟಕಿಯ ಮೇಲಂಚಿನ ಪಟ್ಟಿ, ಒತ್ತುವ ಗುಂಡಿಗಳು—ಇವೆಲ್ಲವನ್ನೂ ರೂಪಿಸುವುದು ಕಾರ್ಯಾಚರಣ ವ್ಯವಸ್ಥೆಯೆಂಬ ಮೂಲ ತಂತ್ರಾಂಶ. ಅದನ್ನು ತಯಾರಿಸುವ ಕಂಪನಿ ಕೋಟ್ಯಂತರ ಜನರಿಗೆ ಒಂದೇ ಮುಖವನ್ನು ಕೊಡುತ್ತದೆ. ಎಲ್ಲರಿಗೂ ಅದು ಒಪ್ಪಿಗೆಯಾಗಬೇಕೆಂದೇನೂ ಇಲ್ಲ.

ಈ ಮುಖವನ್ನು ಬದಲಿಸುವ ಉಪಾಯ ಕುತೂಹಲಕರವಾದುದು. ಒಂದು ಕಿಟಕಿ ತೆರೆಯಬೇಕಾದಾಗ ಆಯಾ ತಂತ್ರಾಂಶವು ತಾನೇ ಅದರ ಚೌಕಟ್ಟನ್ನು ಬರೆಯುವುದಿಲ್ಲ. ಬರೆದುಕೊಡುವಂತೆ ಮೂಲ ವ್ಯವಸ್ಥೆಯನ್ನು ಕೇಳುತ್ತದೆ. ಅಲಂಕಾರದ ತಂತ್ರಾಂಶವು ನಡುವೆ ನಿಂತು ಆ ಕೋರಿಕೆಯನ್ನು ತಡೆದು, ಹಳೆಯ ಚೌಕಟ್ಟಿನ ಬದಲು ತನ್ನಲ್ಲಿರುವ ಚಿತ್ರವನ್ನು ಹಾಸುತ್ತದೆ. ಒಳಗಿನ ಕೆಲಸ ಹಾಗೆಯೇ ನಡೆಯುತ್ತದೆ, ಹೊದಿಕೆ ಮಾತ್ರ ಬೇರೆ.

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಬ್ರಾಡ್ ವಾರ್ಡೆಲ್ ಎಂಬ ತರುಣ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಸ್ಟಾರ್‌ಡಾಕ್ ಎಂಬ ಕಂಪನಿಯನ್ನು ಕಟ್ಟಿದನು. ಐ.ಬಿ.ಎಂ. ಕಂಪನಿಯ ಓಎಸ್/2 ಎಂಬ ವ್ಯವಸ್ಥೆಗಾಗಿ ಅದು 1995ರಲ್ಲಿ ಆಬ್ಜೆಕ್ಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶವನ್ನು ಹೊರತಂದಿತು. ಆದರೆ ಓಎಸ್/2 ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ನೆಲವೇ ಕುಸಿದಾಗ ಅದರ ಮೇಲಿನ ಅಂಗಡಿ ಉಳಿದೀತೆ? ಕಂಪನಿಯು ಮೈಕ್ರೋಸಾಫ್ಟಿನ ವಿಂಡೋಸ್ ಕಡೆಗೆ ತಿರುಗಿತು. 1990ರ ದಶಕದ ಕೊನೆಯಲ್ಲಿ ವಿಂಡೋಬ್ಲೈಂಡ್ಸ್ ಎಂಬ ಹೊದಿಕೆ ತಂತ್ರಾಂಶವನ್ನು ತಂದಿತು.

ಹೊದಿಕೆಗಳನ್ನೆಲ್ಲ ತಾನೇ ತಯಾರಿಸಲು ಆ ಕಂಪನಿ ಹೊರಡಲಿಲ್ಲ. ಸ್ವಂತವಾಗಿ ಹೊದಿಕೆ ರಚಿಸಲು ಸ್ಕಿನ್‌ಸ್ಟುಡಿಯೋ ಎಂಬ ಉಪಕರಣವನ್ನು ಬಳಕೆದಾರರ ಕೈಗೇ ಕೊಟ್ಟಿತು. ರಚಿಸಿದ್ದನ್ನು ಇತರರೊಡನೆ ಹಂಚಿಕೊಳ್ಳಲು 2001ರಲ್ಲಿ ವಿನ್‌ಕಸ್ಟಮೈಜ್ ಎಂಬ ಕಣಜವನ್ನು ತೆರೆಯಿತು. ಕಂಪನಿಯನ್ನು ಕಂಡೇ ಇಲ್ಲದ ಜನ ದೂರದೂರದ ಊರುಗಳಲ್ಲಿ ಕುಳಿತು ಸಾವಿರಾರು ಹೊದಿಕೆಗಳನ್ನು ರಚಿಸಿದರು. ಇದು ಕೇವಲ ಉದಾರತೆಯಲ್ಲ, ವ್ಯಾಪಾರವೂ ಹೌದು: ಹೊದಿಕೆಗಳು ಹೆಚ್ಚಿದಷ್ಟೂ ಅವನ್ನು ತೊಡಿಸುವ ತಂತ್ರಾಂಶಕ್ಕೆ ಗಿರಾಕಿಗಳು ಹೆಚ್ಚುವರು. ಆದರೂ ಬಾಗಿಲು ತೆರೆದಿಡುವ ಕಂಪನಿಗೂ ಮುಚ್ಚುವ ಕಂಪನಿಗೂ ಇರುವ ಅಂತರ ಸಣ್ಣದಲ್ಲ. ಅದೇ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು ಹೊದಿಕೆ ಬದಲಿಸುವ ಏರ್ಪಾಡನ್ನು ತನ್ನೊಳಗೇ ಹೊಂದಿತ್ತು. ಆದರೆ ಮೈಕ್ರೋಸಾಫ್ಟ್ ತನ್ನ ಮುದ್ರೆ ಒತ್ತಿದ ಹೊದಿಕೆಗಳನ್ನು ಮಾತ್ರ ಅದು ಸ್ವೀಕರಿಸುತ್ತಿತ್ತು. ಉತ್ಸಾಹಿಗಳು ವ್ಯವಸ್ಥೆಯ ಒಂದು ಕಡತವನ್ನೇ ತಿದ್ದಿ ಒಳನುಗ್ಗಬೇಕಾಯಿತು.

ಬಳಕೆದಾರರ ಹಟ ಕೆಲವೊಮ್ಮೆ ತಯಾರಕನನ್ನೂ ಮಣಿಸುತ್ತದೆ. 2012ರ ವಿಂಡೋಸ್ 8ರಲ್ಲಿ ಜನರಿಗೆ ಚಿರಪರಿಚಿತವಾಗಿದ್ದ ಸ್ಟಾರ್ಟ್ ಗುಂಡಿ ಮಾಯವಾಯಿತು. ಅದನ್ನು ಮರಳಿ ಕೊಡುವ ಸ್ಟಾರ್ಟ್8 ಎಂಬ ತಂತ್ರಾಂಶವನ್ನು ಸ್ಟಾರ್‌ಡಾಕ್ ಅದೇ ವರ್ಷ ಮಾರಾಟಕ್ಕಿಟ್ಟಿತು. 2013ರಲ್ಲಿ ಗುಂಡಿಯನ್ನೂ, 2015ರ ವಿಂಡೋಸ್ 10ರಲ್ಲಿ ಅದರ ಪಟ್ಟಿಯನ್ನೂ ಮೈಕ್ರೋಸಾಫ್ಟ್ ತಾನಾಗಿಯೇ ಹಿಂದಕ್ಕೆ ತಂದಿತು.

ಇದುವರೆಗೆ ಹೇಳಿದ್ದು ಬಣ್ಣ ಬೆಡಗಿನ ಮಾತು. ಹೊದಿಕೆ ಇಷ್ಟವಾಗದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಆದರೆ ಪರದೆಯ ಮೇಲಿನ ಅಕ್ಷರವೇ ತನ್ನದಲ್ಲದಿದ್ದರೆ? ಕನ್ನಡಿಗರು ಗಣಕದ ಅಂಗಳಕ್ಕೆ ಕಾಲಿಟ್ಟಾಗ ಎದುರಾದ ಪ್ರಶ್ನೆ ಇದು. ಆ ಯಂತ್ರದ ಅಕ್ಷರಗಳು ರೋಮನ್ ಲಿಪಿಯವು, ಕೀಲಿಮಣೆಯೂ ಅದರದೇ.

ಕಂಪನಿಗಳ ಬಾಗಿಲು ತೆರೆಯುವವರೆಗೆ ಕಾಯದೆ ಕನ್ನಡಿಗರು ತಾವೇ ದಾರಿ ಹುಡುಕಿದರು. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಒತ್ತಕ್ಷರಕ್ಕಾಗಿ ಅದರಲ್ಲಿ ಒಂದೇ ಕೀಲಿಯನ್ನು ಮೀಸಲಿಡಲಾಗಿದೆ. ಎರಡು ವ್ಯಂಜನಗಳ ನಡುವೆ ಅದನ್ನು ಒತ್ತಿದರೆ ಅವು ಬೆಸೆದುಕೊಳ್ಳುತ್ತವೆ. ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು 1998ರಲ್ಲಿ 'ಬರಹ'ವನ್ನು ಬಿಡುಗಡೆ ಮಾಡಿದರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಅದು ಬಳಕೆಗೆ ಬಂದಿತು.

ಇವುಗಳಲ್ಲಿ ಮೊದಮೊದಲು ಅನುಸರಿಸಿದ ಕ್ರಮವೂ ಒಂದು ಬಗೆಯ ಹೊದಿಕೆಯೇ ಆಗಿತ್ತು. ರೋಮನ್ ಅಕ್ಷರಗಳಿಗೆಂದು ಗೊತ್ತುಪಡಿಸಿದ ಸಂಕೇತಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳ ಚಿತ್ರವನ್ನು ಕೂರಿಸುತ್ತಿದ್ದರು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಪಾಲಿಗೆ ಅದು ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಮಾನ್ವಿಯಲ್ಲಿ ಬಾಳಿದ ಜಗನ್ನಾಥದಾಸರ ಕೃತಿಯೊಂದನ್ನು ಅದೇ ಊರಿನಲ್ಲಿ ಒಬ್ಬರು ಹೀಗೆ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿ ದೇವದುರ್ಗಕ್ಕೆ ಕಳುಹಿಸಿದರೆಂದು ಭಾವಿಸಬಹುದು. ದೇವದುರ್ಗದ ಯಂತ್ರದಲ್ಲಿ ಅದೇ ಅಕ್ಷರವಿನ್ಯಾಸ ಇಲ್ಲದಿದ್ದರೆ ದಾಸರ ಪದಗಳ ಸ್ಥಾನದಲ್ಲಿ ವಿಚಿತ್ರ ಚಿಹ್ನೆಗಳು ಮಾತ್ರ ಕಾಣುತ್ತವೆ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತವಾದುದರಿಂದ ಕನ್ನಡವೇ ಕನ್ನಡಕ್ಕೆ ಅಪರಿಚಿತವಾಯಿತು.

ರಾಯಚೂರು ನಗರದಲ್ಲಿ ಈ ತೊಡಕು ಇನ್ನೂ ಹೆಚ್ಚು. ಕನ್ನಡ, ತೆಲುಗು, ಉರ್ದು ಮೂರೂ ಅಲ್ಲಿನ ಬೀದಿಯ ಭಾಷೆಗಳು. ಉರ್ದುವಂತೂ ಬಲದಿಂದ ಎಡಕ್ಕೆ ಸಾಗುವ ಬರಹ. ಮೂರನ್ನೂ ಒಂದೇ ಪುಟದಲ್ಲಿ ಬರೆಯಬೇಕಾದರೆ ಪ್ರತಿ ಅಕ್ಷರಕ್ಕೂ ಅದರದೇ ಆದ, ಯಾವ ಯಂತ್ರದಲ್ಲೂ ಬದಲಾಗದ ಸಂಖ್ಯೆ ಬೇಕು. ಆ ಕೆಲಸವನ್ನು ಮಾಡಿದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತವು. ಕನ್ನಡಕ್ಕೆ ನೇರವಾಗಿ ಹಿಂದಿನ 128 ಸ್ಥಾನಗಳು ತೆಲುಗಿನವು. ತಲೆಕಟ್ಟಿನಲ್ಲಿ ಎದ್ದುಕಾಣುವ ವ್ಯತ್ಯಾಸವುಳ್ಳ ಈ ಸೋದರ ಲಿಪಿಗಳು ರಾಯಚೂರಿನ ಓಣಿಗಳಲ್ಲಿರುವಂತೆಯೇ ಅಲ್ಲಿಯೂ ನೆರೆಮನೆಯವು.

ಸಂಖ್ಯೆ ದೊರೆತರೆ ಸಾಲದು. ಅದನ್ನು ಅಕ್ಷರವಾಗಿ ತೋರಿಸಲು ಕಂಪನಿಗಳು ಮನಸ್ಸು ಮಾಡಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ 'ತುಂಗಾ', ತೆಲುಗಿಗೆ 'ಗೌತಮಿ' ಎಂಬ ಅಕ್ಷರವಿನ್ಯಾಸಗಳು ಬಂದವು. ಹೊದಿಕೆಗಳಿಗೆ ಮುದ್ರೆಯ ತಡೆಯೊಡ್ಡಿದ್ದ ಎಕ್ಸ್‌ಪಿಯೇ ಇದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಎಡೆದೊರೆ ನಾಡಿನವರಿಗೆ ಆ ಮೊದಲ ಹೆಸರು ಹೊಸದೇನಲ್ಲ. ಆದರೆ 'ತುಂಗಾ' ಕಂಪನಿಯ ಸ್ವತ್ತು. ಅದರಲ್ಲಿ ದೋಷ ಕಂಡರೂ ಬಳಕೆದಾರನು ಅದನ್ನು ತಿದ್ದಿ ಹಂಚುವಂತಿಲ್ಲ.

ಬೇರೆ ಹಾದಿ ಹಿಡಿದದ್ದು ರೆಡ್‌ಹ್ಯಾಟ್ ಕಂಪನಿ. 2004ರಲ್ಲಿ ಅದು 'ಲೋಹಿತ್' ಎಂಬ ಭಾರತೀಯ ಅಕ್ಷರವಿನ್ಯಾಸಗಳನ್ನು ಯಾರು ಬೇಕಾದರೂ ತೆರೆದು ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಮುಂದೆ ಆ ಸಾಲಿಗೆ ಕನ್ನಡವೂ ಸೇರಿತು. ಕನ್ನಡದವರೇ ಆದ ಅರವಿಂದ ವಿ.ಕೆ. ಅವರು 'ಗುಬ್ಬಿ', 'ನವಿಲು' ಎಂಬ ಎರಡು ಅಕ್ಷರವಿನ್ಯಾಸಗಳನ್ನು ರೂಪಿಸಿ ಅಂತಹದೇ ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟರು.

ತಿದ್ದುವ ಹಕ್ಕು ಏಕೆ ಬೇಕೆಂಬುದಕ್ಕೆ ಒಂದೇ ಅಕ್ಷರ ಸಾಕು. 'ಸೂರ್ಯ' ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ನಿಲ್ಲುತ್ತದೆ. 'ರ‍್ಯಾಂಕ್' ಎಂದು ಬರೆಯುವಾಗ ಹಾಗಾಗದೆ ರಕಾರವೇ ಮೊದಲು ನಿಂತು ಯಕಾರವು ಅದರ ಕೆಳಗೆ ಒತ್ತಾಗಬೇಕು. ಯಂತ್ರಕ್ಕೆ ಎರಡೂ ಕಡೆ ಕಾಣುವುದು ಅವೇ ವ್ಯಂಜನಗಳು. ಆದುದರಿಂದ ರಕಾರದ ಮುಂದೆ, ಪರದೆಯ ಮೇಲೆ ಕಾಣಿಸದ ಒಂದು ಸಂಕೇತವನ್ನು ಇಟ್ಟು ಭೇದವನ್ನು ಸೂಚಿಸುತ್ತಾರೆ. ಅಕ್ಷರವಿನ್ಯಾಸ ಮಾಡಿದವನಿಗೆ ಈ ಸೂಕ್ಷ್ಮ ತಿಳಿಯದಿದ್ದರೆ, ದೇವದುರ್ಗದ ವಿದ್ಯಾರ್ಥಿನಿ ಎಷ್ಟು ಸರಿಯಾಗಿ ಕೀಲಿಗಳನ್ನು ಒತ್ತಿದರೂ ಪರದೆಯ ಮೇಲೆ ಮೂಡುವುದು ತಪ್ಪು ಅಕ್ಷರವೇ.