ಮಚ್ಚು ನೆನಪಿದೆ, ಮುಖ ನೆನಪಿಲ್ಲ

ತಿಪಟೂರು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಸಂಜೆ ದೇವಸ್ಥಾನದಿಂದ ಬರುತ್ತಿದ್ದ ಅವರ ತಾಯಿಗೆ ಯಾರೋ ಮಚ್ಚು ತೋರಿಸಿ ಸರ ಕಿತ್ತುಕೊಂಡು ಹೋಗಿದ್ದಾನೆ. ಮಚ್ಚಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿತ್ತು, ಅಲಗಿನ ತುದಿ ಮುಕ್ಕಾಗಿತ್ತು, ಅದೆಲ್ಲ ಆ ತಾಯಿಗೆ ನೆನಪಿದೆ. ಮುಖ ಮಾತ್ರ ಇಲ್ಲ. ‘ಎದುರಿಗೇ ನಿಂತವನ ಮುಖ ಗೊತ್ತಿಲ್ಲ ಅಂದ್ರೆ ಯಾರಮ್ಮ ನಂಬ್ತಾರೆ?’ ಎಂದು ಮನೆಯವರೇ ಗದರಿದರಂತೆ.

ನಾನು ನಂಬುತ್ತೇನೆ.

ಚಿಕ್ಕಂದಿನಲ್ಲಿ ನಮ್ಮೂರಲ್ಲಿ ನಾಗರಹಾವು ಹೊಡೆದವರು ಅದರ ತಲೆ ಜಜ್ಜಿ ಸುಡುತ್ತಿದ್ದರು. ಕೊಂದವನ ಚಿತ್ರ ಹಾವಿನ ಕಣ್ಣಲ್ಲಿ ಅಚ್ಚಾಗಿರುತ್ತದೆ, ಜೋಡಿ ಹಾವು ಅದನ್ನು ನೋಡಿಕೊಂಡು ಹುಡುಕಿ ಬರುತ್ತದೆ ಎಂಬ ಹೆದರಿಕೆ. ಶುದ್ಧ ಸುಳ್ಳು. ಇದನ್ನು ಕೇಳಿ ನಗುವ ಓದಿದವರೂ ‘ಅಂಥ ಹೊತ್ತಲ್ಲಿ ಕಂಡ ಮುಖ ಸಾಯೋತನಕ ಮರೆಯಲ್ಲ’ ಎನ್ನುತ್ತಾರಲ್ಲ, ಅದೂ ಇದೇ ನಂಬಿಕೆ. ಹಾವಿನ ಜಾಗಕ್ಕೆ ಮನುಷ್ಯ ಬಂದಿದ್ದಾನೆ, ಅಷ್ಟೇ.

ಲಂಡನ್ನಿನಲ್ಲಿ ‘ಲಂಡನ್ ಡಂಜನ್’ ಎಂಬ ಭಯದ ಪ್ರದರ್ಶನಶಾಲೆಯಿದೆ. ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಹೋಗುತ್ತಾರೆ. ಹೆದರಿದಾಗ ಕಂಡ ಮುಖ ನೆನಪಿರುತ್ತದೆಯೇ ಎಂದು ನೋಡಲು ಇದೇ ಸರಿಯಾದ ಪ್ರಯೋಗಶಾಲೆ ಎಂದು ವ್ಯಾಲೆಂಟೈನ್ ಮತ್ತು ಮೆಸೌಟ್ ಎಂಬ ಮನೋವಿಜ್ಞಾನಿಗಳಿಗೆ ಹೊಳೆದದ್ದು ನನಗೆ ಬಹಳ ಇಷ್ಟವಾಯಿತು. ಒಳಗಿನ ಕತ್ತಲ ಚಕ್ರವ್ಯೂಹದಲ್ಲಿ ವೇಷ ಹಾಕಿದ ನಟನೊಬ್ಬ ದಿಢೀರನೆ ದಾರಿಗೆ ಅಡ್ಡ ನಿಲ್ಲುತ್ತಾನೆ. ಹೊರಬಂದ 56 ಮಂದಿಗೆ, ಒಳಗೆ ಎಷ್ಟು ಆತಂಕವಾಯಿತು ಎಂದು ಅಳೆಯುವ ಪ್ರಶ್ನಾವಳಿ ಕೊಟ್ಟರು. ಆಮೇಲೆ ಒಂಬತ್ತು ಮುಖಗಳನ್ನು ತೋರಿಸಿ, ಅಡ್ಡ ನಿಂತವನು ಯಾರು ಎಂದು ಕೇಳಿದರು. ಕಡಿಮೆ ಹೆದರಿದವರಲ್ಲಿ 75% ಜನ ಸರಿಯಾಗಿ ಗುರುತಿಸಿದರು. ಹೆಚ್ಚು ಹೆದರಿದವರಲ್ಲಿ? ಬರೀ 17%! 2009ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಎರಡೆರಡು ಬಾರಿ ನೋಡಿದ್ದೆ.

ಅದು ಆಟದ ಭಯ, ಗಟ್ಟಿಗರಿಗೆ ಹೀಗಾಗದು ಎನ್ನುವವರು ಅಮೆರಿಕದ ಸೈನಿಕರನ್ನು ನೋಡಬೇಕು. ಶತ್ರುವಿನ ಸೆರೆಯಲ್ಲಿ ಬದುಕುವ ತರಬೇತಿಯಲ್ಲಿದ್ದ 500ಕ್ಕೂ ಹೆಚ್ಚು ಸೈನಿಕರ ಮೇಲೆ ಮಾರ್ಗನ್ ಎಂಬ ಸಂಶೋಧಕರ ತಂಡ ಅಧ್ಯಯನ ನಡೆಸಿ 2004ರಲ್ಲಿ ಪ್ರಕಟಿಸಿತು. ಸುಮಾರು 40 ನಿಮಿಷ ಮುಖಾಮುಖಿ ಕೂತು ವಿಚಾರಣೆ ನಡೆಸಿದವನನ್ನು, ಸೆರೆಯಿಂದ ಬಿಟ್ಟ ಮರುದಿನ ಸಾಲಿನಲ್ಲಿ ನಿಲ್ಲಿಸಿದಾಗ, ಮೈಮೇಲೆ ಬಿದ್ದು ಬೆದರಿಸಿದ ವಿಚಾರಣೆಯವನ ಗುರುತು ಹಿಡಿದವರು 30%. ಮಾತಿನಲ್ಲೇ ಮುಗಿಸಿದ ವಿಚಾರಣೆಯವನ ಗುರುತು ಹಿಡಿದವರು 62%.

ಭಯವಾದಾಗ ಗಮನ ಟಾರ್ಚಿನ ಬೆಳಕಿನಂತೆ ಒಂದೇ ಕಡೆ ಬೀಳುತ್ತದೆ, ಜೀವಕ್ಕೆ ಕುತ್ತು ತರುವುದು ಯಾವುದೋ ಅದರ ಮೇಲೆ. 1987ರಲ್ಲಿ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು ನೋಡುಗರ ಕಣ್ಣಿನ ಚಲನೆಯನ್ನೇ ದಾಖಲಿಸಿದರು: ಚಿತ್ರದ ವ್ಯಕ್ತಿಯ ಕೈಯಲ್ಲಿ ಚೆಕ್ ಇದ್ದಾಗಿನದಕ್ಕಿಂತ ಪಿಸ್ತೂಲು ಇದ್ದಾಗ ಕಣ್ಣು ಕೈಯ ಕಡೆಗೇ ಹೆಚ್ಚು ಸಲ, ಹೆಚ್ಚು ಹೊತ್ತು ಹೋಗಿತ್ತು.

ಹಾಗಾಗಿ ನಿಮ್ಮ ತಾಯಿಯನ್ನು ಗದರಬೇಡಿ. ‘ಇವನೇ ಇರಬಹುದಾ, ನೆನಪು ಮಾಡ್ಕೊ’ ಎಂದು ಯಾರ ಫೋಟೊವನ್ನೂ ಮುಂದೆ ಹಿಡಿಯಬೇಡಿ. ಪದೇ ಪದೇ ಕಂಡ ಫೋಟೊ ಕಳ್ಳನ ಮುಖವಾಗಿ ಕೂತುಬಿಡಬಹುದು. ಆ ಸೈಕಲ್ ಟ್ಯೂಬು, ಆ ಮುಕ್ಕಾದ ತುದಿ ದೂರಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ನಾಳೆಯೇ ಹೋಗಿ ಬರೆಸಿ.