ಅಡಿಕೆಯ ತೋಟವೂ ಮರವೇರುವ ವಿದ್ಯೆಯೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮುಂಗಾರು ಕಾಲಿಡುವ ಸಮಯಕ್ಕೆ ಅಡಿಕೆ ತೋಟದ ಯಜಮಾನರ ಮನೆಯಂಗಳದಲ್ಲಿ ಒಂದೇ ಮಾತು ಕೇಳಿಬರುತ್ತದೆ. ಮೈಲುತುತ್ತು ತಂದಾಗಿದೆ, ಸುಣ್ಣ ಸಿದ್ಧವಾಗಿದೆ, ಪಂಪು ದುರಸ್ತಿಯಾಗಿದೆ. ಆದರೆ ಮರ ಹತ್ತುವ ಮನುಷ್ಯನು ಮಾತ್ರ ಬಂದಿಲ್ಲ. ಅವನು ನೆರೆಯೂರಿನ ತೋಟದಲ್ಲಿದ್ದಾನೆ. ಅಲ್ಲಿ ಮುಗಿದ ಮೇಲೆ ಇನ್ನೊಂದು ಊರಿಗೆ ಮಾತು ಕೊಟ್ಟಿದ್ದಾನೆ. ಇಷ್ಟರಲ್ಲಿ ಮಳೆ ಹಿಡಿಯುತ್ತದೆ. ಗೊನೆಯ ಕಾಯಿಗಳ ಮೇಲೆ ನೀರು ಹೀರಿದಂತಹ ಕಲೆಗಳು ಕಾಣಿಸಿಕೊಳ್ಳುತ್ತವೆ. ಬಳಿಕ ಕೊಳೆತ ಕಾಯಿಗಳು ಮರದ ಬುಡದಲ್ಲಿ ಹಾಸಿ ಬೀಳುತ್ತವೆ. ರೋಗವು ಸುಳಿಗೆ ಇಳಿಯಿತೆಂದರೆ ಫಸಲು ಮಾತ್ರವಲ್ಲ, ಮರವೇ ಹೋಗುತ್ತದೆ.

ಈ ಕೊಳೆರೋಗಕ್ಕೆ ಮದ್ದು ಹೊಸದಾಗಿ ಕಂಡುಹಿಡಿಯಬೇಕಾದುದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ವಿಚಾರಿಸಿ, ಅದರ ಕಾರಣವನ್ನೂ ಬೋರ್ಡೋ ದ್ರಾವಣದ ಉಪಯೋಗವನ್ನೂ 1910ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ಗೊನೆಗಳಿಗೆ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ರೂಢಿಯಾಗಿತ್ತು. ಕೃಷಿವಿದ್ಯೆಯನ್ನು ಕಲಿಸುವುದಕ್ಕಾಗಿ 1913ರಲ್ಲಿ ಹೆಬ್ಬಾಳದಲ್ಲಿ ಶಾಲೆಯು ಸ್ಥಾಪಿತವಾಯಿತು. ಅಂದಿನಿಂದ ಒಂದು ನೂರು ವರ್ಷಗಳಿಗೂ ಮಿಗಿಲಾಗಿ ಔಷಧವು ಗೊತ್ತಿದೆ. ಅದನ್ನು ಬೋಧಿಸುವವರೂ ಇದ್ದಾರೆ. ಆದರೂ ಫಸಲು ನಷ್ಟವಾಗುವುದು ನಿಂತಿಲ್ಲ. ಇದಕ್ಕೆ ಮಳೆಯ ಹೆಚ್ಚಳವೇ ಮೊದಲಾದ ಹಲವು ಕಾರಣಗಳಿದ್ದರೂ, ಅರಿವು ತಲೆಯಲ್ಲಿದ್ದು ಅದನ್ನು ಮರದ ತುದಿಗೆ ಮುಟ್ಟಿಸುವ ಕೈ ಊರಿನಲ್ಲಿ ಇಲ್ಲದಿರುವುದು ಅವುಗಳಲ್ಲಿ ಮುಖ್ಯವಾದುದು.

ಲೆಕ್ಕವನ್ನು ನೋಡಿದರೆ ವಿಷಯವು ವಿಶದವಾಗುವುದು. ಒಂಬತ್ತು ಅಡಿಗೆ ಒಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರಗಳಿರುತ್ತವೆ. ನೂರು ಎಕರೆ ಅಡಿಕೆಯುಳ್ಳ ಒಂದು ಗ್ರಾಮದಲ್ಲಿ ಸುಮಾರು 54,000 ಮರಗಳಾದವು. ಮೊದಲನೆಯ ಸಿಂಪಡಣೆಯು ಮುಂಗಾರು ಹಿಡಿಯುವುದಕ್ಕೆ ಸರಿಯಾಗಿ ಮುಗಿಯಬೇಕು. ಎರಡನೆಯದು 40ರಿಂದ 45 ದಿನಗಳ ತರುವಾಯ, ಮಳೆ ಬಿಡುವು ಕೊಟ್ಟ ವೇಳೆಯಲ್ಲಿ ಆಗಬೇಕು. ಇಷ್ಟು ಕೆಲಸವನ್ನು ಇಬ್ಬರು ಮೂವರು ವಯಸ್ಸಾದ ಕೊನೆಗೌಡರ ಮೇಲೆ ಹೊರಿಸಿ, ಅವರು ತಡಮಾಡಿದರೆಂದು ದೂರುವುದು ನ್ಯಾಯವಲ್ಲ.

ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ನೆಟ್ಟಗೆ ಏರುವುದು, ಕೆಳಗಿಳಿಯದೆ ಒಂದು ಮರವನ್ನು ತೂಗಿ ಮತ್ತೊಂದಕ್ಕೆ ದಾಟುವುದು, ಒಂದು ಕೈಯಲ್ಲಿ ಹಿಡಿತವಿಟ್ಟುಕೊಂಡು ಇನ್ನೊಂದರಿಂದ ಗೊನೆಯ ಒಳಮೈಗೂ ದ್ರಾವಣ ಮುಟ್ಟುವಂತೆ ಹೊಡೆಯುವುದು, ಇವೆಲ್ಲ ಸಾಮಾನ್ಯವಾದ ಕೂಲಿಯಲ್ಲ, ಇದೊಂದು ವಿದ್ಯೆ. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ವಿದ್ಯೆಯು ಕ್ಷೀಣಿಸಿದುದಕ್ಕೆ ತರುಣರ ಸೋಮಾರಿತನವೇ ಕಾರಣವೆಂದು ಹೇಳುವವರುಂಟು. ಆದರೆ ಬಿದ್ದರೆ ಸಂಸಾರಕ್ಕೆ ಆಧಾರವಿಲ್ಲದ, ಕೆಲವು ತಿಂಗಳು ಮಾತ್ರ ಸಂಪಾದನೆಯುಳ್ಳ, ಊರಿನಲ್ಲಿ ತಕ್ಕ ಮರ್ಯಾದೆಯೂ ದೊರೆಯದ ಕಸುಬಿಗೆ ಯಾವ ತಂದೆಯು ತನ್ನ ಮಗನನ್ನು ಕಳುಹಿಸಿಯಾನು? ದೋಷವು ತರುಣರಲ್ಲಿಲ್ಲ, ಕಸುಬಿನ ಏರ್ಪಾಡಿನಲ್ಲಿದೆ. ಏರ್ಪಾಡನ್ನು ತಿದ್ದುವುದು ಊರಿನ ಹಿರಿಯರ ಕೈಯಲ್ಲಿಯೇ ಇದೆ.

ಇಂತಹ ತಿದ್ದುಪಾಡಿಗೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ, ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಿಂದ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ, ರುಡ್‌ಸೆಟ್ ಎಂಬ ಸಂಸ್ಥೆಯು ಆರಂಭವಾಯಿತು. ನಿರುದ್ಯೋಗಿ ತರುಣರಿಗೆ ಊಟವಸತಿ ಸಹಿತ ಉಚಿತವಾಗಿ ಕೆಲವು ವಾರಗಳ ಶಿಕ್ಷಣ ಕೊಡುವುದು, ಕಸುಬು ಆರಂಭಿಸಲು ಬ್ಯಾಂಕಿನ ಸಾಲಕ್ಕೆ ದಾರಿಮಾಡುವುದು, ಮನೆಗೆ ಹೋದ ಮೇಲೆಯೂ ಅವರ ಯೋಗಕ್ಷೇಮವನ್ನು ವಿಚಾರಿಸುತ್ತಿರುವುದು, ಇವು ಅದರ ಪದ್ಧತಿ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಈ ಪದ್ಧತಿಯು ನಿಲ್ಲಲಿಲ್ಲ. 2009ರಲ್ಲಿ ಕೇಂದ್ರ ಸರ್ಕಾರದವರು ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ಸ್ವ ಉದ್ಯೋಗ ತರಬೇತಿ ಸಂಸ್ಥೆ ಇರಬೇಕೆಂದು ನಿಶ್ಚಯಿಸಿದ್ದರು.

ಮರವೇರುವ ಕಸುಬಿನಲ್ಲಿಯೇ ಮತ್ತೊಂದು ನಿದರ್ಶನವನ್ನು ನೋಡಬಹುದು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯವರು ತೆಂಗಿನ ಮರದ ಗೆಳೆಯರೆಂಬ ಯೋಜನೆಯನ್ನು ಆರಂಭಿಸಿ, ಆರು ದಿನಗಳ ಶಿಬಿರಗಳಲ್ಲಿ ಯಂತ್ರದ ಸಹಾಯದಿಂದ ಮರವೇರುವುದನ್ನೂ, ಸುಳಿ ಶುದ್ಧಿಯನ್ನೂ, ಕೀಟರೋಗಗಳನ್ನು ಗುರುತಿಸುವುದನ್ನೂ ಕಲಿಸಿದರು. ಕಲಿತವರಿಗೆ ಮರವೇರುವ ಯಂತ್ರವೂ ಅಪಘಾತ ವಿಮೆಯೂ ದೊರೆತವು. ಅಡಿಕೆಯ ವಿಷಯದಲ್ಲಿ, 1973ರಲ್ಲಿ ಮಂಗಳೂರಿನಲ್ಲಿ ಬೆಳೆಗಾರರೇ ಕಟ್ಟಿಕೊಂಡ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯವರು ವಿಟ್ಲದ ಸಂಶೋಧನಾ ಕೇಂದ್ರದವರೊಂದಿಗೆ ಸೇರಿ ಈಚಿನ ವರ್ಷಗಳಲ್ಲಿ ತರುಣರಿಗೆ ಮರವೇರುವ ಶಿಬಿರವನ್ನು ನಡೆಯಿಸಿದ್ದಾರೆ. ನೆಲದ ಮೇಲೆಯೇ ನಿಂತು ಉದ್ದನೆಯ ಹಗುರ ದೋಟಿಯಿಂದ ಗೊನೆಗೆ ಔಷಧ ಹೊಡೆಯುವ ಕ್ರಮವೂ ಬಳಕೆಗೆ ಬಂದಿದೆ. ದೋಟಿಯು ಬಂದುದರಿಂದ ವಿದ್ಯೆ ಬೇಡವಾಯಿತೆಂದು ತಿಳಿಯಬಾರದು. ಅದನ್ನು ತೂಗಿ ಹಿಡಿದು ಗೊನೆಗೆ ಗುರಿಯಿಡುವುದಕ್ಕೂ ಅಭ್ಯಾಸ ಬೇಕು.

ಈ ನಿದರ್ಶನಗಳಿಂದ ತಿಳಿಯತಕ್ಕ ಸಾರವು ಒಂದೇ. ಕಲಿಸುವವನೊಬ್ಬನಿಂದ ಕೆಲಸಗಾರನು ಸಿದ್ಧನಾಗುವುದಿಲ್ಲ. ಸಂಸ್ಥೆಯು ಪಾಠ ಹೇಳಬೇಕು, ಸಹಕಾರ ಸಂಘವು ವಿಮೆಗೂ ಸಲಕರಣೆಗೂ ಒದಗಬೇಕು, ಬ್ಯಾಂಕು ಸಾಲ ಕೊಡಬೇಕು, ಊರು ಕೆಲಸ ಕೊಡಬೇಕು. ಇವುಗಳಲ್ಲಿ ಕೊನೆಯದು ತಪ್ಪಿದರೆ ಮೊದಲಿನ ಮೂರೂ ವ್ಯರ್ಥ. ಶಿಬಿರದಲ್ಲಿ ಕಲಿತು ಬಂದ ಹುಡುಗನನ್ನು ‘ಇವನಿಗೇನು ಗೊತ್ತು’ ಎಂದು ತೋಟದ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರೆ, ಅವನು ಮಾರನೆಯ ದಿನವೇ ಪಟ್ಟಣದ ಬಸ್ಸು ಹತ್ತುವನು. ಮುಂದಿನ ಆಷಾಢದಲ್ಲಿ ಯಜಮಾನರು ಮತ್ತೆ ಅದೇ ಹಳೆಯ ಕೊನೆಗೌಡನ ಮನೆಯ ಜಗಲಿಯಲ್ಲಿ ಕುಳಿತು ಕಾಯಬೇಕಾಗುವುದು.

ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಕೆಳಗಣ ಕ್ರಮವನ್ನು ಅನುಸರಿಸುವುದು ಹಿತಕರ.

ಮೊದಲನೆಯದಾಗಿ, ಯುಗಾದಿಗೆ ಮುಂಚೆ ಊರಿನವರೆಲ್ಲ ಸೇರಿ ಯಾರ ತೋಟದಲ್ಲಿ ಎಷ್ಟು ಮರಗಳಿವೆಯೆಂದು ಪಟ್ಟಿ ಬರೆಯಿಸಿ, ಎಷ್ಟು ಮಂದಿ ಬೇಕೆಂಬುದನ್ನು ನಿಶ್ಚಯಿಸತಕ್ಕದ್ದು.

ಎರಡನೆಯದಾಗಿ, ಮನಸ್ಸೂ ದೇಹದಾರ್ಢ್ಯವೂ ಉಳ್ಳ ಐದಾರು ತರುಣರನ್ನು, ಜಾತಿ ಮತ್ತು ಮನೆತನಗಳನ್ನು ನೋಡದೆ ಆರಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಜಿಲ್ಲೆಯ ತರಬೇತಿ ಸಂಸ್ಥೆಯನ್ನು ವಿಚಾರಿಸಿ ಕಳುಹಿಸತಕ್ಕದ್ದು. ಹದಿನೆಂಟು ವರ್ಷ ತುಂಬದವರನ್ನು ಮರ ಹತ್ತಿಸಕೂಡದು; ಶಾಲೆಯಲ್ಲಿರುವ ಮಕ್ಕಳನ್ನು ಬಿಡಿಸಿ ಈ ಕೆಲಸಕ್ಕೆ ಹಾಕುವುದಂತೂ ಸರ್ವಥಾ ಸಲ್ಲದು.

ಮೂರನೆಯದಾಗಿ, ಕಲಿತು ಬಂದವರ ಅಭ್ಯಾಸಕ್ಕೆ ಒಬ್ಬೊಬ್ಬ ಯಜಮಾನರು ತೋಟದ ಒಂದು ಭಾಗವನ್ನು ಬಿಟ್ಟುಕೊಡತಕ್ಕದ್ದು. ಹಳೆಯ ಕೊನೆಗೌಡರಿಗೆ ಗೌರವಧನ ಕೊಟ್ಟು ಗುರುಗಳನ್ನಾಗಿ ನಿಲ್ಲಿಸಬೇಕು. ಅವರ ಕೈಚಳಕವು ಯಾವ ಪುಸ್ತಕದಲ್ಲಿಯೂ ಇಲ್ಲ.

ನಾಲ್ಕನೆಯದಾಗಿ, ಕೂಲಿಯ ದರವನ್ನು ಮುಂಚಿತವಾಗಿಯೇ ಗೊತ್ತುಮಾಡಿ, ವಿಮೆಯ ಕಂತನ್ನು ಮರಗಳ ಸಂಖ್ಯೆಗೆ ತಕ್ಕಂತೆ ಎಲ್ಲರೂ ಹಂಚಿಕೊಳ್ಳತಕ್ಕದ್ದು. ವಿಮೆಯಿಲ್ಲದೆ ಯಾರನ್ನೂ ಮರಕ್ಕೆ ಏರಿಸಬಾರದು.

ಐದನೆಯದಾಗಿ, ವರ್ಷವಿಡೀ ಕೆಲಸವಿರುವಂತೆ ಏರ್ಪಡಿಸತಕ್ಕದ್ದು. ಮಳೆಗಾಲದಲ್ಲಿ ಸಿಂಪಡಣೆ, ಅನಂತರ ಅಡಿಕೆಯ ಕೊಯ್ಲು, ಬೇಸಗೆಯ ಮೊದಲಲ್ಲಿ ಮೆಣಸಿನ ಕೊಯ್ಲು, ನಡುನಡುವೆ ಒಂದೂವರೆ ತಿಂಗಳಿಗೊಮ್ಮೆ ತೆಂಗಿನ ಕೊಯ್ಲು, ಇವನ್ನು ಒಂದೇ ತಂಡಕ್ಕೆ ಒಪ್ಪಿಸಿದರೆ ತರುಣನು ಊರು ಬಿಡುವ ಪ್ರಮೇಯ ಬಹಳಮಟ್ಟಿಗೆ ತಪ್ಪುವುದು.

ತಂಡದವರಿಗೆ ದ್ರಾವಣ ತಯಾರಿಸುವುದನ್ನೂ ಕಲಿಸುವುದು ಅವಶ್ಯ. ಒಂದು ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರು ನೀರಿನಲ್ಲಿಯೂ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿ ಹೊಳಪಿಸಿದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಅಲಗಿನ ಮೇಲೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮರದ ಮೇಲಿರುವವನಿಗೆ ತಾನು ಹೊಡೆಯುತ್ತಿರುವುದೇನು, ಏತಕ್ಕೆ ಎಂಬುದು ತಿಳಿದಿದ್ದರೆ, ಯಜಮಾನನು ಕೆಳಗೆ ನಿಂತು ಕೂಗಬೇಕಾಗಿಲ್ಲ.

ಬೋರ್ಡೋ ದ್ರಾವಣವನ್ನು ಕಲಸುವುದು ಒಂದು ಬೆಳಗಿನ ಕೆಲಸ. ಅದನ್ನು ಗೊನೆಗೆ ಮುಟ್ಟಿಸುವ ಮನುಷ್ಯನನ್ನು ಸಿದ್ಧಪಡಿಸುವುದು ಒಂದು ವರ್ಷದ ಕೆಲಸ. ಮಳೆಯ ಮೋಡ ಕಂಡ ಮೇಲೆ ಅವನನ್ನು ಹುಡುಕಹೊರಟರೆ ಸಿಕ್ಕುವುದಿಲ್ಲ. ಗ್ರಾಮದ ಮುಖಂಡರು ಬರುವ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮುಂದಿಟ್ಟು, ಪಟ್ಟಿಯ ಮೊದಲನೆಯ ಸಾಲಿನಲ್ಲಿ ತಮ್ಮ ತೋಟದ ಮರಗಳ ಸಂಖ್ಯೆಯನ್ನು ತಾವೇ ಬರೆಯಿಸಿದರೆ, ಉಳಿದವರು ಹಿಂಬಾಲಿಸುವರು.