ಹಚ್ಚೆಯ ನೋವು

ನನ್ನ ಎಡ ಮುಂಗೈಯ ಮೇಲೆ ಅರ್ಧಕ್ಕೆ ನಿಂತ ತುಳಸಿಕಟ್ಟೆಯೊಂದಿದೆ. ಕಟ್ಟೆಯ ಎರಡು ಬದಿಗಳಿವೆ, ನಡುವೆ ಏಳು ಚುಕ್ಕೆಗಳಿವೆ. ಗಿಡ ಮಾತ್ರ ಇಲ್ಲ. 1965ರಲ್ಲಿ, ನಾನು ಹತ್ತು ವರ್ಷದವಳಿದ್ದಾಗ, ಬೈರಿದೇವರಕೊಪ್ಪದ ನಮ್ಮ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಅದು ಆರಂಭವಾಯಿತು, ಅಲ್ಲಿಯೇ ನಿಂತಿತು. ನಿಲ್ಲಿಸಿದವಳು ನಾನೇ. ಕೈ ಕಿತ್ತುಕೊಂಡು ಓಡಿದೆ.

ಈಚೆಗೆ ನನ್ನ ಮೊಮ್ಮಗಳು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹಚ್ಚೆ ಹಾಕಿಸಿಕೊಳ್ಳಲು ನಿಶ್ಚಯಿಸಿದಳು. ಹೋಗುವ ಹಿಂದಿನ ರಾತ್ರಿ ನನ್ನ ಬಳಿ ಬಂದು ಕುಳಿತು, "ಆಯಿ, ಭಾಳ ನೋವಾಗತೈತೇನು?" ಎಂದು ಕೇಳಿದಳು. ಅಜ್ಜಿಗೆ ನಮ್ಮ ಮನೆತನದಲ್ಲಿ ಆಯಿ ಎನ್ನುತ್ತೇವೆ. ಓಡಿಹೋದವಳನ್ನು ಕೇಳುವ ಪ್ರಶ್ನೆಯೆ ಇದು? ಆದರೂ ಉತ್ತರ ಕೊಟ್ಟೆ. ಅದನ್ನೇ ಇಲ್ಲಿ ತುಸು ವಿಸ್ತರಿಸಿ ಹೇಳುತ್ತೇನೆ.

ನೋವು ಎಷ್ಟೆಂದು ತಿಳಿಯಬೇಕಾದರೆ ಸೂಜಿ ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕು. ಚರ್ಮದ ಮೇಲ್ಪದರ ಸದಾ ಉದುರುತ್ತಿರುವಂಥದು. ಮಸಿ ಅಲ್ಲಿ ನಿಂತರೆ ಕೆಲವು ವಾರಗಳಲ್ಲಿ ಅದರೊಡನೆಯೇ ಉದುರಿಹೋಗುತ್ತದೆ. ಆದುದರಿಂದ ಸೂಜಿ ಒಂದೆರಡು ಮಿಲಿಮೀಟರಿನಷ್ಟು ಇಳಿದು ಒಳಪದರವನ್ನು ಮುಟ್ಟಲೇಬೇಕು. ರಕ್ತನಾಳಗಳೂ ನರತಂತುಗಳೂ ಹರಡಿಕೊಂಡಿರುವುದು ಅಲ್ಲಿಯೇ. ದೇಹವು ಮಸಿಯನ್ನು ಪರಕೀಯವೆಂದು ಬಗೆದು ಭಕ್ಷಕ ಕೋಶಗಳನ್ನು ಕಳಿಸುತ್ತದೆ. ಅವು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತು ಚೆಲ್ಲಿದ ಮಸಿಯನ್ನು ಅದರ ಸ್ಥಾನಕ್ಕೆ ಬಂದ ಮತ್ತೊಂದು ನುಂಗಿಕೊಳ್ಳುತ್ತದೆಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನನ್ನ ಏಳು ಚುಕ್ಕೆಗಳೂ ಅರವತ್ತು ವರ್ಷ ಹೀಗೆಯೇ ಕೈಯಿಂದ ಕೈಗೆ ದಾಟುತ್ತ ಬಂದಿರಬೇಕು.

ನೋವಿನಲ್ಲಿಯೂ ಎರಡು ಬಗೆ. ಮೊದಲನೆಯದು ಚುರುಕ್ಕೆನ್ನುವ, ಇಂಥಲ್ಲಿಯೇ ಎಂದು ಬೆರಳಿಟ್ಟು ತೋರಿಸಬಹುದಾದ ನೋವು. ಅದರ ಬೆನ್ನಿಗೆ ಬರುವುದು ಉರಿ. ಅದು ಹರಡುತ್ತದೆ, ನಿಲ್ಲುತ್ತದೆ. ಇವೆರಡನ್ನೂ ಮಿದುಳಿಗೆ ಒಯ್ಯುವ ತಂತುಗಳೇ ಬೇರೆ, ವೇಗವೂ ಬೇರೆ. ರಟ್ಟೆಯ ಹೊರಬದಿಯಂಥ ಮಾಂಸಲವಾದ ಕಡೆ ಎರಡೂ ಸೈರಿಸುವಂತಿರುತ್ತವೆ. ಮಣಿಕಟ್ಟು, ಹಿಮ್ಮಡಿಯ ಗಂಟು, ಪಕ್ಕೆಲುಬುಗಳ ಮೇಲೆ, ಎಲುಬಿಗೂ ಚರ್ಮಕ್ಕೂ ನಡುವೆ ಏನೂ ಇಲ್ಲದ ಕಡೆ, ಸೂಜಿ ಎಲುಬಿಗೇ ಬಡಿದಂತೆ ಭಾಸವಾಗುತ್ತದೆ. ಗೆರೆ ಎಳೆಯುವಾಗಿನ ನೋವಿಗಿಂತ, ಈಗಾಗಲೇ ಉರಿಯುತ್ತಿರುವ ಚರ್ಮದ ಮೇಲೆ ಮತ್ತೆ ಮತ್ತೆ ಬಣ್ಣ ತುಂಬುವಾಗಿನದು ಹೆಚ್ಚು.

ನಮ್ಮ ಕಾಲದಲ್ಲಿ ಯಂತ್ರವಿರಲಿಲ್ಲ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರಿಲಿ ಎಂಬಾತ ಹಚ್ಚೆಯ ವಿದ್ಯುತ್ ಯಂತ್ರಕ್ಕೆ 1891ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ನಮ್ಮೂರಿಗೆ ಬರುತ್ತಿದ್ದವಳು ಕೊರವರ ಹೆಣ್ಣುಮಗಳು. ದಾರದಿಂದ ಬಿಗಿದ ಮೂರು ನಾಲ್ಕು ಸೂಜಿಗಳು, ಗರುಗದ ಸೊಪ್ಪಿನ ರಸದಲ್ಲಿ ಕಲೆಸಿದ ದೀಪದ ಕಾಡಿಗೆ, ಕೊನೆಗೆ ಒರೆಸಲು ಅರಿಸಿನ. ಇಷ್ಟೇ ಅವಳ ಸಾಮಗ್ರಿ. ಒಂದೇ ಸೂಜಿಯಿಂದ ಓಣಿಯ ಹುಡುಗಿಯರಿಗೆಲ್ಲ ಚುಚ್ಚುತ್ತಿದ್ದಳೆಂಬುದನ್ನು ನೆನೆದರೆ ಈಗ ಮೈ ನಡುಗುತ್ತದೆ. ಕಾಮಾಲೆಯಂಥ ರೋಗಗಳು ರಕ್ತದಿಂದ ರಕ್ತಕ್ಕೆ ದಾಟುತ್ತವೆಂದು ಆಗ ನಮಗೆ ಯಾರು ಹೇಳಬೇಕು!

ಆದರೆ ನೋವಿನ ವಿಷಯದಲ್ಲಿ ಅವಳು ಪಂಡಿತೆ. "ಕೈ ಬಿಗಿ ಹಿಡೀಬ್ಯಾಡವಾ, ಸಡ್ಲ ಬಿಡು" ಎನ್ನುವಳು. ಚುಚ್ಚಿದ ಜಾಗದ ಸುತ್ತ ಹೆಬ್ಬೆರಳಿನಿಂದ ಒತ್ತಿ ತಿಕ್ಕುವಳು. ಹಾಡುವಳು, ಹಾಡಿನ ನಡುವೆ, ಗಂಡನ ಹೆಸರೇನು ಎಂದು ಹತ್ತು ವರ್ಷದವಳನ್ನು ಕೇಳಿ ನಗಿಸುವಳು. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು, ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಸ್ಪರ್ಶವೂ ಮನಸ್ಸಿನ ಸ್ಥಿತಿಯೂ ಅದನ್ನು ಕೊಂಚ ಮುಚ್ಚಬಲ್ಲವು ಎಂಬ ಸಿದ್ಧಾಂತವನ್ನು ಪ್ರಕಟಿಸಿದ್ದು ಅದೇ 1965ರಲ್ಲಿ. ಕಟ್ಟೆಯ ಮೇಲೆ ಕುಳಿತವಳಿಗೆ ಆ ಬಾಗಿಲಿನ ಚಿಲಕ ಗೊತ್ತಿತ್ತು.

ಹಾಗಿದ್ದೂ ನಾನೇಕೆ ಓಡಿದೆ? ನಮ್ಮ ಅಜ್ಜಿ "ಇರಿವಿ ಕಡದಂಗ ಆಗತೈತಿ, ಅಷ್ಟ" ಎಂದಿದ್ದಳು. ನಾನು ಇರುವೆಗೆ ಸಿದ್ಧಳಾಗಿ ಕುಳಿತಿದ್ದೆ. ಬಂದದ್ದು ಇರುವೆಯಲ್ಲ. ಏಳನೆಯ ಚುಕ್ಕೆಯ ಹೊತ್ತಿಗೆ ನೋವಿಗಿಂತ ಮೋಸಹೋದೆನೆಂಬ ಸಿಟ್ಟೇ ದೊಡ್ಡದಾಗಿತ್ತು. ಅಜ್ಜಿಯನ್ನು ದೂರುವಂತಿಲ್ಲ. ಸತ್ತಾಗ ಒಡವೆ ಇಲ್ಲಿಯೇ ಉಳಿಯುತ್ತದೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂದು ನಂಬಿದ್ದವಳು ಅವಳು. ಅವಳ ಎರಡೂ ಕೈಗಳು ಮೊಣಕೈವರೆಗೆ ಹಸಿರಾಗಿದ್ದವು. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ನನ್ನನ್ನೂ ಅವಳು ಕೇಳಲಿಲ್ಲ.

ಮೊಮ್ಮಗಳು ತಾನೇ ಬಯಸಿ ಹೊರಟವಳು. ಆದ್ದರಿಂದ ನಿಜವನ್ನೇ ಹೇಳಿದೆ: ಇರುವೆಯಲ್ಲ, ಬಿಸಿಲಿನಲ್ಲಿ ಸುಟ್ಟ ಚರ್ಮದ ಮೇಲೆ ಉಗುರಿನಿಂದ ಗೀರಿದಂತೆ, ಮಣಿಕಟ್ಟಾದರೆ ಇನ್ನೂ ಹೆಚ್ಚು. ಹೊಟ್ಟೆ ತುಂಬ ಉಂಡು ಹೋಗು, ಉಸಿರು ಹಿಡಿಯಬೇಡ, ಹೊಸ ಸೂಜಿಯನ್ನು ನಿನ್ನ ಕಣ್ಣೆದುರಿಗೇ ಬಿಚ್ಚಲಿ, ತಡೆಯದಿದ್ದರೆ ನಿಲ್ಲಿಸೆಂದು ಹೇಳು, ನಾಚಬೇಡ. ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದನ್ನೂ ಸೇರಿಸಿದೆ.

ಮರುದಿನ ಸಂಜೆ ಚಿಗರಿ ಬಸ್ಸಿಳಿದು ಬಂದಳು. ಮಣಿಕಟ್ಟಿನ ಮೇಲೆ ಒಂದು ಪುಟ್ಟ ನವಿಲು, ಸುತ್ತ ಕೆಂಪು. "ನೀ ಹೇಳಿದಂಗ ಇತ್ತು" ಎಂದಳು. ಬಾಲಕ್ಕೆ ಬಣ್ಣ ತುಂಬುವಾಗ ಮಾತ್ರ ಕಣ್ಣಲ್ಲಿ ನೀರು ಬಂತಂತೆ.

ಎರಡನೆಯ ವಾರದಲ್ಲಿ ಗಾಯದ ಹೊಪ್ಪಳೆ ಉದುರುವಾಗ ತುರಿಕೆ ಹತ್ತುತ್ತದೆ, ಕೆರೆಯಬಾರದು ಎಂಬುದನ್ನು ಹೇಳಲು ನಾನು ಮರೆತಿದ್ದೆ. ನನ್ನ ಏಳು ಚುಕ್ಕೆಗಳೂ ಅಂದು ಹಾಗೆಯೇ ತುರಿಸಿದ್ದವು. ಆ ಒಂದು ವಿಷಯಕ್ಕೆ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.